ಬೀಜಕ್ಕೆ ಬಿಟ್ಟ ಜೋಡಿ

ಲಿವರ್‌ಮೋರಿನ ಮಧುಕರನ ಮನೆಯಲ್ಲಿ ದೇವರ ಕೋಣೆ ಎಂದರೆ ಅಡುಗೆಮನೆಗೆ ಅಂಟಿಕೊಂಡ ಪ್ಯಾಂಟ್ರಿ. ಮೇಲಿನ ಎರಡು ಹಲಗೆಗಳ ಮೇಲೆ ದೇವರು, ಕೆಳಗಿನ ಮೂರರ ಮೇಲೆ ಅಕ್ಕಿ, ಬೇಳೆ, ರಾಗಿಹಿಟ್ಟು. ಮನೆದೇವರ ಪಟದ ಪಕ್ಕದ ಮೊಳೆಯಲ್ಲಿ ಒಂದು ಹಿತ್ತಾಳೆ ಬೀಗದಕೈ ತೂಗುಬಿದ್ದಿತ್ತು. ಹೊಸದಾಗಿ ಬಂದವರು ಅದು ಊರಿನ ಮನೆಯದೋ, ಬ್ಯಾಂಕ್ ಲಾಕರಿನದೋ ಎಂದುಕೊಳ್ಳುತ್ತಿದ್ದರು. ಎರಡೂ ಅಲ್ಲ. ಊರಾಚೆ, ಗಾಳಿಯಂತ್ರಗಳು ತಿರುಗುವ ಗುಡ್ಡಸಾಲಿನಲ್ಲಿ, ಫಿಲೊಮಿನಾ ಎಂಬ ಮುದುಕಿಯ ಹುಲ್ಲುಗಾವಲಿನ ಗೇಟಿನ ಬೀಗದಕೈ ಅದು. ಆ ಗೇಟಿಗೆ ಹೋದ ದಿನಗಳನ್ನು ಬಿಟ್ಟರೆ ಹದಿನೇಳು ವರ್ಷ ಅದು ಆ ಮೊಳೆಯಿಂದ ಕದಲಿರಲಿಲ್ಲ. ಆಮೇಲೆ ಒಂದು ಏಪ್ರಿಲಿನಲ್ಲಿ ಮೊಳೆ ಬರಿದಾಯಿತು, ಅದೂ ಮಧುಕರನ ಸ್ವಂತ ತಪ್ಪಿನಿಂದ.

ಮಧುಕರನಿಗೆ ಐವತ್ತೇಳು ವರ್ಷ. ಕೆ.ಆರ್. ಪೇಟೆ ಕಡೆಯವನು. ಸನ್ನಿವೇಲ್‌ನ ಒಂದು ಕಂಪನಿಯಲ್ಲಿ, ಅಳೆಯುವ ಉಪಕರಣಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಅಳೆದು ನೋಡುವ ಕೆಲಸ. ಹೆಂಡತಿ ಬಿಂದುಶ್ರೀ ಚನ್ನರಾಯಪಟ್ಟಣದವಳು, ಲಿವರ್‌ಮೋರಿನಲ್ಲೇ ಫಾರ್ಮಸಿಸ್ಟು. ಒಬ್ಬಳೇ ಮಗಳು ಓದು ಮುಗಿಸಿ ತನ್ನ ದಾರಿ ಹಿಡಿದಿದ್ದಾಳೆ. ಅಲ್ಲಿನ ಉಳಿದ ನಮ್ಮವರು ವೀಕೆಂಡಿಗೆ ಹೈಕಿಂಗು, ವೈನರಿ, ಕ್ರಿಕೆಟ್ಟು ಎಂದು ಹೋದರೆ ಈ ಮಹಾಶಯ ಹೋಗುವುದು ನೆಲ ಅಳಿಲು ಹೊಡೆಯುವುದಕ್ಕೆ.

ಅಳಿಲು ಎಂದ ಕೂಡಲೇ ನಮ್ಮವರ ಮುಖ ಹುಳ್ಳಗಾಗುತ್ತದೆ. ಗುಡ್ಡದ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಾಗ ಶೇಷಗಿರಿ ಎಂಬ ಹಿರಿಯರು ಪ್ರತಿಸಲವೂ ಕೆಣಕುತ್ತಾರೆ. "ಏನ್ರೀ ಮಧುಕರ್, ರಾಮನ ಭಕ್ತರನ್ನೇ ಹೊಡೀತೀರಂತಲ್ಲ?"

"ಬೆನ್ನ ಮೇಲೆ ಮೂರು ಗೆರೆ ಇರೋದು ಒಂದು ತೋರಿಸ್ಬಿಡಿ ಸರ್. ಅವತ್ತೇ ಗನ್ನು ಕೆಳಗಿಡ್ತೀನಿ," ಎನ್ನುತ್ತಾನೆ ಮಧುಕರ.

ಮಾತು ನಿಜ. ಅಲ್ಲಿನ ನೆಲ ಅಳಿಲಿಗೆ ಮೂರು ಗೆರೆಯೂ ಇಲ್ಲ, ಆ ಸಾಧು ಸ್ವಭಾವವೂ ಇಲ್ಲ. ಮಣ್ಣಿನ ಬಣ್ಣದ ದಢೂತಿ ಪ್ರಾಣಿ. ನೆಲದಡಿ ಬಿಲ ತೋಡಿ ಸಂಸಾರ ಹೂಡುತ್ತದೆ, ದನಕ್ಕಿಂತ ಮೊದಲು ಹುಲ್ಲು ಮೇಯುತ್ತದೆ, ಬಿಲದ ಬಾಯಿಗೆ ಕಾಲಿಟ್ಟ ಕರು ಕುಂಟುತ್ತದೆ. ಅದನ್ನು ಯಾರೂ ತಿನ್ನುವುದಿಲ್ಲ, ಮಧುಕರನೂ ತಿನ್ನುವುದಿಲ್ಲ. ಬಿದ್ದದ್ದು ಹದ್ದಿಗೆ, ನರಿಗೆ. ಅವನಿಗೆ ಇದು ಬೇಟೆಯೂ ಅಲ್ಲ, ಕಾವಲು. ಅವನ ಅಜ್ಜ ಕಡಲೆಕಾಯಿ ಹೊಲ ಕಾಯಲು ಲೈಸೆನ್ಸಿನ ಕೋವಿ ಇಟ್ಟುಕೊಂಡಿದ್ದವರು, ಹತ್ತು ವರ್ಷದ ಮೊಮ್ಮಗನಿಗೆ ಗುರಿ ಕಲಿಸಿದವರು. ಆಯುಧಪೂಜೆಗೆ ಮಧುಕರನ ಮನೆಯಲ್ಲಿ ಕಾರು, ಲ್ಯಾಪ್‌ಟಾಪುಗಳ ಜೊತೆ ರೈಫಲ್ಲಿಗೂ ಕುಂಕುಮ ಬೀಳುತ್ತದೆ. ಸೋಮವಾರ, ಶನಿವಾರ ಅವನು ಅದನ್ನು ಮುಟ್ಟುವುದಿಲ್ಲ.

ಫಿಲೊಮಿನಾ ಸಿಕ್ಕಿದ್ದು ಆಕಸ್ಮಿಕ. ಗುಡ್ಡದ ರಸ್ತೆಯಲ್ಲಿ ಕಾರಿನ ಟೈರು ಪಂಕ್ಚರಾಗಿ ನಿಂತಿದ್ದಾಗ, ಬೇಲಿಯಾಚೆ ಒಬ್ಬ ಹೆಂಗಸು ಪಿಕಪ್ಪಿನ ಮೇಲೆ ರೈಫಲ್ ಊರಿ ಗುಂಡು ಹಾರಿಸುತ್ತ, ಒಂದೂ ತಾಗದೆ, ಎಲ್ಲರಿಗೂ ಕೇಳುವಂತೆ ಬೈಯುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. "ನಾನೊಂದು ಸಲ ನೋಡ್ಲಾ?" ಎಂದು ಇವನು ಕೇಳಿದ. ಮೂರು ಗುಂಡಿಗೆ ಮೂರು ಅಳಿಲು. ಮರುವಾರವೇ ಗೇಟಿನ ಬೀಗದಕೈ ಅವನ ಕೈಗೆ ಬಂತು. ಪೋರ್ಚುಗೀಸ್ ಮೂಲದ ಹೈನುಗಾರರ ಮನೆತನದವಳು. ಗಂಡ ತೀರಿಕೊಂಡ ಮೇಲೂ ನಲವತ್ತು ಹಸು ಇಟ್ಟುಕೊಂಡು ಒಬ್ಬಳೇ ಇದ್ದಳು. ಯುಗಾದಿಗೆ ಇವನ ಮನೆಯ ಹೋಳಿಗೆ ಅಲ್ಲಿಗೆ ಹೋಗುತ್ತಿತ್ತು, ಈಸ್ಟರಿಗೆ ಅಲ್ಲಿನ ಸಿಹಿ ಬ್ರೆಡ್ಡು ಇಲ್ಲಿಗೆ ಬರುತ್ತಿತ್ತು. ಅವಳು ಮಾತಾಡುವುದು ಇಂಗ್ಲಿಷೇ ಆದರೂ ಮಧುಕರನ ಕಿವಿಗೆ ಅದು ತನ್ನೂರಿನ ಯಾವುದೋ ಅಜ್ಜಿಯ ಕನ್ನಡವಾಗಿಯೇ ಬೀಳುತ್ತಿತ್ತು. ನಾವೂ ಹಾಗೆಯೇ ಕೇಳಿಸಿಕೊಳ್ಳೋಣ.

ನೆಲ ಅಳಿಲಿನ ಬಾಳಿನಲ್ಲಿ ಏರಿಳಿತ ಬಹಳ. ಮಳೆ ಚೆನ್ನಾಗಿ ಹೊಯ್ದು ಹುಲ್ಲು ಮೊಣಕಾಲುದ್ದ ಬೆಳೆದರೆ ಮರಿಗಳು ಬದುಕುತ್ತವೆ, ಮರುವರ್ಷ ಗುಡ್ಡದ ತುಂಬ ಅವೇ. ಆಮೇಲೆ ಬರ ಬಂದೋ ರೋಗ ಬಿದ್ದೋ ಒಂದೇ ಬೇಸಿಗೆಯಲ್ಲಿ ಬಿಲಗಳೆಲ್ಲ ಖಾಲಿ. ಇಲ್ಲಿ ಇಳಿದ ವರ್ಷ ಇನ್ನೆಲ್ಲೋ ಏರಿರುತ್ತದೆ. ಮಧುಕರನ ಹತ್ತಿರ ಇದಕ್ಕೊಂದು ನೋಟ್‌ಬುಕ್ಕಿತ್ತು. ಯಾವ ಗುಡ್ಡದಲ್ಲಿ ಎಷ್ಟು ಮಳೆ, ಎಷ್ಟು ಬಿಲ, ಎಷ್ಟು ತಲೆ ಎಲ್ಲ ಅದರಲ್ಲಿ. ಫೆಬ್ರವರಿ ಬಂತೆಂದರೆ ದಕ್ಷಿಣದ ಹಾಲಿಸ್ಟರ್ ಕಡೆಯ ಒಣಗುಡ್ಡದವರಿಗೆ, ರಾಜ್ಯದ ಈಶಾನ್ಯ ಮೂಲೆಯಲ್ಲಿ ಕುದುರೆ ಮಸಾಲೆ ಮೇವು ಬೆಳೆಯುವವರಿಗೆ ಫೋನು ಹಚ್ಚಿ, ಹೆಣ್ಣಿನ ಮನೆಯವರನ್ನು ವಿಚಾರಿಸುವಷ್ಟು ನಯವಾಗಿ ವಿಚಾರಿಸುತ್ತಿದ್ದ. ಹೆಚ್ಚಿದ ಕಡೆಗೆ ಹೊರಡುತ್ತಿದ್ದ, ಕಡಿಮೆಯಾದ ಕಡೆ ಆ ವರ್ಷ ಕಾಲಿಡುತ್ತಿರಲಿಲ್ಲ. ಈಶಾನ್ಯಕ್ಕೆ ಎಂಟು ಗಂಟೆಯ ದಾರಿ. ಬಿಂದುಶ್ರೀ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಟ್ಟು, "ಅಳಿಲುಗಳನ್ನ ಕೇಳ್ದೆ ಅಂತ ಹೇಳಿ," ಎಂದು ಬೀಳ್ಕೊಡುತ್ತಿದ್ದಳು.

ಎಲ್ಲಿಗೆ ಹೋದರೂ ವರ್ಷದ ಮೊದಲ ಗುಂಡು ಮಾತ್ರ ಫಿಲೊಮಿನಾಳ ಗುಡ್ಡದಲ್ಲೇ, ಅದೂ ಹೊಸತೊಡಕಿನ ದಿನವೇ ಆಗಬೇಕು. ಯುಗಾದಿಯ ಮಾರನೇ ದಿನ ಮಂಡ್ಯ ಕಡೆ ಬಾಡೂಟ ಎಲ್ಲರಿಗೂ ಗೊತ್ತು. ಅವನ ಬಾಲ್ಯದಲ್ಲಿ ಅಂದು ಊರಿನ ಗಂಡಸರು ಹಿಂದಿನ ಗುಡ್ಡಕ್ಕೆ ಮೊಲದ ಬೇಟೆಗೂ ಹೋಗುತ್ತಿದ್ದರು. ಆಫೀಸಿನಲ್ಲಿ ಇವನು ಅದನ್ನು ಧಾರ್ಮಿಕ ರಜೆ ಎಂದೇ ಬರೆದುಕೊಡುತ್ತಿದ್ದ. ಮ್ಯಾನೇಜರು ಕೈಮುಗಿದು ಹಬ್ಬದ ಶುಭಾಶಯ ಹೇಳುತ್ತಿದ್ದರು.

ತಪ್ಪು ಹುಟ್ಟಿದ್ದೂ ಆ ಹೊಸತೊಡಕಿನಿಂದಲೇ. ಊರಿನ ಬೇಟೆಯಲ್ಲಿ ನಾಲ್ಕೈದು ಮೊಲ ಬಿದ್ದ ಮೇಲೆ ಅಜ್ಜ ಶಿಳ್ಳೆ ಹಾಕಿ ಎಲ್ಲರನ್ನೂ ನಿಲ್ಲಿಸುತ್ತಿದ್ದರು. "ಸಾಕ್ರಪ್ಪ, ಇನ್ನಿದ್ದದ್ದು ಬೀಜಕ್ಕಿರ್ಲಿ," ಎನ್ನುತ್ತಿದ್ದರು. ಆ ಮಾತು ಮೊಮ್ಮಗನ ಮೈಯಲ್ಲಿ ಎಷ್ಟು ಇಳಿದಿತ್ತೆಂದರೆ, ಫಿಲೊಮಿನಾಳ ಗುಡ್ಡದ ನೆತ್ತಿಯ ಬಂಡೆಗುಂಪಿನ ಸುತ್ತ ಇಪ್ಪತ್ತು ಹೆಜ್ಜೆಯೊಳಗೆ ಅವನು ಹದಿನೇಳು ವರ್ಷ ಒಂದು ಗುಂಡೂ ಹಾರಿಸಲಿಲ್ಲ. ಅಲ್ಲಿದ್ದವು ಬೀಜದ ಜೋಡಿಗಳು. ಉಳಿದ ಗುಡ್ಡ ಖಾಲಿ ಮಾಡಿ ಬಂದಾಗ ಫಿಲೊಮಿನಾ ಕೇಳುತ್ತಿದ್ದಳು: "ಎಲ್ಲಾ ಮುಗಿದ್ವಾ?" ಇವನು ಹೇಳುತ್ತಿದ್ದ: "ಹೆಚ್ಚುಕಡಿಮೆ ಮುಗಿದ್ವು."

ಬಿಂದುಶ್ರೀ ಇದನ್ನು ಮೊದಲ ಸಲ ಕೇಳಿದಾಗಲೇ ಹಣೆ ಚಚ್ಚಿಕೊಂಡಿದ್ದಳು. "ರೀ, ಮೊಲಕ್ಕೆ ಬೀಜ ಬಿಡೋದು ಸರಿ, ಮುಂದಿನ ವರ್ಷ ತಿನ್ನೋಕೆ. ಕಳೆ ಕೀಳೋಕೆ ಹೋದವ್ರು ಯಾರಾದ್ರೂ ಕಳೆಗೆ ಬೀಜ ಬಿಟ್ಟು ಬರ್ತಾರಾ?"

"ನಿಂಗೆ ಅರ್ಥ ಆಗಲ್ಲ ಬಿಡು," ಎಂದಿದ್ದ ಮಧುಕರ. ಅವನಿಗೂ ಪೂರ್ತಿ ಅರ್ಥವಾಗಿರಲಿಲ್ಲ. ಒಂದು ಗುಡ್ಡವನ್ನು ಪೂರಾ ಬರಿದು ಮಾಡಲು ಕೈ ಬರುತ್ತಿರಲಿಲ್ಲ, ಅಷ್ಟೇ.

ಎರಡು ಚಳಿಗಾಲ ಸತತವಾಗಿ ಮಳೆ ಹೊಯ್ಯಿತು. ಎಲ್ಲ ಕಡೆಯೂ ಅಳಿಲು ಏರಿದ ವರ್ಷ ಅದು. ಈಶಾನ್ಯದ ಮೇವಿನ ಹೊಲದವನು ತಾನಾಗಿಯೇ ಫೋನು ಮಾಡಿ, ಇಷ್ಟು ಅಳಿಲು ಏಳೆಂಟು ವರ್ಷದಿಂದ ಕಂಡಿಲ್ಲ, ಬೇಗ ಬಾ ಎಂದಿದ್ದ. ಮಧುಕರ ಹೊಸತೊಡಕಿನ ಮಾರನೇ ದಿನದಿಂದ ಮೂರು ದಿನ ರಜೆ ಹಾಕಿ, ಮೋಟೆಲ್ ಕಾದಿರಿಸಿ, ಮಗುವಿನ ಹಾಗೆ ದಿನ ಎಣಿಸುತ್ತಿದ್ದ.

ಹೊಸತೊಡಕಿನ ಬೆಳಗ್ಗೆ ಫಿಲೊಮಿನಾಳ ಮನೆಯಲ್ಲಿ ಹೋಳಿಗೆ ಡಬ್ಬಿ ಕೊಟ್ಟು, ಗೇಟು ತೆಗೆದು ಒಳಗೆ ಹೋದವನಿಗೆ ಮೊದಲು ಕಂಡದ್ದು ಕಟ್ಟೆಯ ಏರಿ. ಗುಡ್ಡದ ಮಡಿಲಲ್ಲಿ ಮಣ್ಣಿನ ಏರಿ ಹಾಕಿ ಮಳೆನೀರು ನಿಲ್ಲಿಸಿದ ಸಣ್ಣ ಕಟ್ಟೆ ಅದು. ಆ ಗುಡ್ಡದಲ್ಲಿ ಬೇಸಿಗೆಯುದ್ದಕ್ಕೂ ನಲವತ್ತು ಹಸುಗಳಿಗೆ ಬೇರೆ ನೀರಿಲ್ಲ. ಏರಿಯ ಹೊರಮೈ ಒಂದು ಕಡೆ ಒದ್ದೆಯಾಗಿ ನೀರು ಒಸರುತ್ತಿತ್ತು. ಮೇಲೆ ಆರು ಬಿಲ. ಬಂಡೆಗುಂಪಿನಿಂದ ಏರಿಯವರೆಗೆ ಹುಲ್ಲಿನ ನಡುವೆ ಸವೆದ ಕಾಲುದಾರಿ, ಬೆರಳಿಟ್ಟು ತೋರಿಸಿದಷ್ಟು ಸ್ಪಷ್ಟ. ಬೀಜ ಹೆಚ್ಚಾಗಿ, ಬಂಡೆ ಸಾಲದೆ, ಏರಿಗೆ ಇಳಿದಿತ್ತು. ರಾಮನ ಅಳಿಲು ಸೇತುವೆ ಕಟ್ಟಲು ಹೋಯಿತು, ಇವನು ಸಾಕಿದ ಅಳಿಲು ಕಟ್ಟೆ ಒಡೆಯಲು ಕೂತಿತ್ತು.

ಹಿಂದೆಯೇ ಪಿಕಪ್ಪು ಬಂದು ನಿಂತಿತು. ಫಿಲೊಮಿನಾ ಇಳಿದು ಬಂದಳು. ಪೊರೆ ತೆಗೆಸಿದ ಮೇಲೆ ಅವಳ ಕಣ್ಣು ಚುರುಕಾಗಿತ್ತು.

"ನಿನ್ನೆ ನೋಡ್ದೆ ನಾನು. ಎಲ್ಲಾ ಆ ಪಕ್ಕದ ಜಮೀನಿನವನ ಕೆಲಸ. ವರ್ಷಗಟ್ಟಲೆ ಒಂದು ಗುಂಡು ಹೊಡ್ದಿಲ್ಲ ಅವನು, ಅವನ ಅಳಿಲೆಲ್ಲ ನನ್ನ ಮೇಲೆ. ಇವತ್ತು ಸಂಜೆ ಅವನ ಮನೆಗೇ ಹೋಗಿ ನಾಲ್ಕು ಮಾತಾಡಿ ಬರ್ತೀನಿ."

ಮಧುಕರ ಬಗ್ಗಿ ಒಂದು ಬಿಲದ ಬಾಯಿಯ ಮಣ್ಣು ಮುಟ್ಟಿ ನೋಡಿದ.

"ಕಟ್ಟೆ ಹೋದ್ರೆ ಜೂನ್‌ನಲ್ಲಿ ಹಸು ಮಾರ್ಬೇಕು," ಎಂದಳು ಅವಳು, ನೀರಿನ ಕಡೆ ನೋಡುತ್ತ. "ಹಸು ಮಾರಿದ್ಮೇಲೆ ಬೆಳಗ್ಗೆ ಎದ್ದು ನಾನು ಮಾಡೋದೇನು?"

ಏರಿಯ ಮೇಲಿದ್ದವನ್ನು ಅಂದು ಹೊಡೆದು ಮುಗಿಸಿ ಮಧುಕರ ಮನೆಗೆ ಬಂದ. ಬಿಂದುಶ್ರೀ ಮುಖ ನೋಡಿಯೇ ತಿಳಿದುಕೊಂಡು, ನಡೆದದ್ದೆಲ್ಲ ಹೇಳಿಸಿದಳು.

"ಗುಡ್ಡ ಗುಡ್ಡದ ಮಧ್ಯೆ ಯಾವ ಅಳಿಲು ಎಲ್ಲಿಂದ ಬಂತು ಅಂತ ಯಾರಿಗೆ ಗೊತ್ತಾಗುತ್ತೆ ಬಿಂದು," ಎಂದ ಮಧುಕರ, ಅವಳ ಮುಖ ನೋಡದೆ.

"ನಿಮಗೆ ಗೊತ್ತಲ್ಲ," ಎಂದಳು ಅವಳು. "ಆ ವಯಸ್ಸಾದೋರು ಸಂಜೆ ಹೋಗಿ ಏನೂ ಮಾಡದೇ ಇರೋನ ಜೊತೆ ಜಗಳ ಆಡಿ ಬರ್ತಾರೆ. ಆಮೇಲೆ ನೀವು ಆ ಗೇಟು ಹೇಗೆ ತೆಗೀತೀರಾ? ಏಳಿ, ಊಟ ಆಮೇಲೆ ಮಾಡಿ."

ಬೆಂದ ಬಾಡೂಟ ಒಲೆಯ ಮೇಲೆ ಹಾಗೇ ಉಳಿಯಿತು. ಮಧುಕರ ಮತ್ತೆ ಗುಡ್ಡ ಹತ್ತಿದ. ಫಿಲೊಮಿನಾ ಅಡುಗೆಮನೆಯ ಮೇಜಿನ ಮುಂದೆ ಹೋಳಿಗೆ ತಿನ್ನುತ್ತ ಕೂತಿದ್ದಳು. ಅವನು ನಿಂತೇ ಎಲ್ಲ ಹೇಳಿದ. ಅಜ್ಜನ ಶಿಳ್ಳೆ, ಮೊಲ, ಬಂಡೆ, ಇಪ್ಪತ್ತು ಹೆಜ್ಜೆ, ಒಂದೂ ಬಿಡಲಿಲ್ಲ.

ಅವಳು ಕೈಯಲ್ಲಿದ್ದ ತುಂಡನ್ನು ತಟ್ಟೆಯಲ್ಲಿಟ್ಟಳು. "ಹದಿನೇಳು ವರ್ಷ?"

"ಹೌದು."

"ಪ್ರತಿ ವರ್ಷ ಮುಗಿದ್ವಾ ಅಂತ ಕೇಳ್ತಿದ್ನಲ್ಲ ನಾನು?"

"ಸುಳ್ಳು ಹೇಳ್ತಿದ್ದೆ."

ಅವಳು ಕೈ ಚಾಚಿದಳು. ಅವನು ಕೀ ತೆಗೆದು ಕೊಟ್ಟ. ಹೊರಗೆ ಹೋಗಲು ತಿರುಗಿದವನು ನಿಂತು, "ಏರಿ ನಾನು ಸರಿಮಾಡ್ತೀನಿ. ನಮ್ಮೂರಲ್ಲಿ ಕೆರೆ ಏರಿ ಕೆಲಸ ಮಾಡಿ ಗೊತ್ತು. ಅದೊಂದು ಮಾಡಕ್ಕೆ ಬಿಡಿ," ಎಂದ.

"ಗೇಟು ನಾನು ತೆಗೀತೀನಿ, ನಾನೇ ಹಾಕ್ತೀನಿ," ಎಂದಳು ಫಿಲೊಮಿನಾ. "ಬಂಡೆಯಲ್ಲಿರೋವೂ ಮುಗೀಬೇಕು. ಆಮೇಲೆ ಬರೋದು ಬೇಡ."

ಈಶಾನ್ಯದವನಿಗೆ ಬರುವುದಿಲ್ಲ ಎಂದು ಫೋನು ಮಾಡುವಾಗ ಮಧುಕರನಿಗೆ ನಿಜವಾಗಿಯೂ ಸಂಕಟವಾಯಿತು. ಅಂಥ ವರ್ಷ ಮತ್ತೆ ಬರುವುದು ಯಾವಾಗಲೋ. ಆ ರಜೆ ಏರಿಗೆ ಹೋಯಿತು. ಪ್ರತಿ ಬೆಳಗ್ಗೆ ಫಿಲೊಮಿನಾ ಗೇಟು ತೆಗೆದು, ಪಿಕಪ್ಪಿನೊಳಗೆ ಗಾಜು ಏರಿಸಿಕೊಂಡು ಕೂತಿರುತ್ತಿದ್ದಳು. ಅವನು ಮೊದಲು ಕಟ್ಟೆಯ ತಳದ ಪೈಪು ತೆರೆದು ಒಂದು ಮೊಳದಷ್ಟು ನೀರು ಇಳಿಸಿದ. ಆಮೇಲೆ ಒಂದೊಂದು ಬಿಲವನ್ನೂ ಅದರ ಕೊನೆ ಸಿಗುವವರೆಗೆ ಅಗೆದ. ಬಿಲದ ಬಾಯಿ ಮಾತ್ರ ಮುಚ್ಚಿದರೆ ಒಳಗಿನ ಪೊಳ್ಳು ಹಾಗೇ ಉಳಿದು ಮುಂದಿನ ಮಳೆಗೆ ಏರಿ ಕುಸಿಯುತ್ತದೆ ಎಂದು ಊರಿನ ಮುದುಕರು ಹೇಳಿದ್ದು ನೆನಪಿತ್ತು. ಅಗೆದ ಕಡೆ ಕಟ್ಟೆಯಂಚಿನ ಜೇಡಿಮಣ್ಣು ತಂದು, ಅಂಗೈ ದಪ್ಪ ಹಾಕುವುದು, ತುಳಿಯುವುದು, ಮತ್ತೆ ಹಾಕುವುದು. ರಾತ್ರಿ ಸೊಂಟಕ್ಕೆ ಬಿಂದುಶ್ರೀಯ ಫಾರ್ಮಸಿಯ ಮುಲಾಮೆಲ್ಲ ಖರ್ಚಾಯಿತು.

ಶನಿವಾರ ಬಿಂದುಶ್ರೀಯೂ ಬಂದಳು. ಪ್ಯಾಂಟು ಮಡಿಸಿ, ಚಪ್ಪಲಿ ಬಿಟ್ಟು, ಗಂಡ ಹೆಂಡತಿ ಇಬ್ಬರೂ ಭುಜ ಹಿಡಿದುಕೊಂಡು ಕೆಸರು ತುಳಿಯುತ್ತಿದ್ದಾಗ ಪಿಕಪ್ಪಿನ ಗಾಜು ಇಳಿಯಿತು.

"ಏನದು, ಡ್ಯಾನ್ಸಾ?"

"ನಮ್ಮೂರಲ್ಲಿ ಇದಕ್ಕೆ ಎಮ್ಮೆ ತುಳಿಸ್ತಾರೆ," ಎಂದು ಬಿಂದುಶ್ರೀ ಕೂಗಿ ಹೇಳಿದಳು. "ಇಲ್ಲಿ ಗಂಡನೇ ಗತಿ."

ಅಜ್ಜಿ ನಕ್ಕಿದ್ದು ಅಲ್ಲಿಯವರೆಗೆ ಕೇಳಿಸಿತು. ಗಾಜು ಮತ್ತೆ ಏರಿತು.

ಸೋಮವಾರ ಸಂಜೆ ಆಫೀಸು ಬಿಟ್ಟು ಬಂದು ಕೊನೆಯ ಪದರ ಹಾಕಿದ. ಒಸರು ನಿಂತಿತ್ತು. ಉಳಿದದ್ದು ಬಂಡೆ. ಮಂಗಳವಾರ ಇನ್ನೊಂದು ದಿನ ರಜೆ ಹಾಕಿ ರೈಫಲ್ ತೆಗೆದುಕೊಂಡು ಹೋದ. ಫಿಲೊಮಿನಾ ಮಡಿಸುವ ಕುರ್ಚಿ ತಂದು ಅವನ ಪಕ್ಕದಲ್ಲೇ ಹಾಕಿ, ದುರ್ಬೀನು ಹಿಡಿದು ಕೂತಳು. ಅವನ ಮಾತಿನ ಮೇಲೆ ಇನ್ನು ಅವಳಿಗೆ ನಂಬಿಕೆಯಿರಲಿಲ್ಲ, ಅದು ಅವನಿಗೆ ಗುಂಡಿನ ಸದ್ದಿಗಿಂತ ಗಟ್ಟಿಯಾಗಿ ಕೇಳಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬಂಡೆಯ ಸುತ್ತ ಎಲ್ಲ ಮುಗಿದು, ತುತ್ತತುದಿಯ ಕಲ್ಲಿನ ಮೇಲೆ ಎರಡು ಉಳಿದವು. ಎರಡೂ ಹಿಂಗಾಲ ಮೇಲೆ ನಿಂತು ಇತ್ತಲೇ ನೋಡುತ್ತಿದ್ದವು.

"ಇನ್ನೆರಡಿವೆ," ಎಂದಳು ಫಿಲೊಮಿನಾ.

"ಹೂಂ." ಬೆರಳು ರೈಫಲ್ಲಿನ ಕುದುರೆಯ ಮೇಲಿತ್ತು. ಎಳೆಯಲಿಲ್ಲ.

ದುರ್ಬೀನಿನಲ್ಲಿ ನೋಡುತ್ತಲೇ ಅವಳು ಕೇಳಿದಳು. "ನಿಮ್ಮಜ್ಜನ ಗುಡ್ಡ ಇದೆಯಲ್ಲ. ಈಗೆಷ್ಟು ಮೊಲ ಇವೆ ಅಲ್ಲಿ?"

"ಗುಡ್ಡನೇ ಇಲ್ಲ. ಜಲ್ಲಿ ಮಾಡಿ ಲಾರಿಗೆ ತುಂಬಿದ್ರು."

ಅವಳು ದುರ್ಬೀನು ಕೆಳಗಿಟ್ಟಳು. "ನಾನು ಹತ್ತು ವರ್ಷದವಳಿದ್ದಾಗ ನಮ್ಮಪ್ಪ ಇಡೀ ಗುಡ್ಡಕ್ಕೆ ವಿಷ ಇಡ್ಸಿದ್ದ. ಒಂದೂ ಉಳೀಲಿಲ್ಲ. ಅಪ್ಪಂಗೆ ಖುಷಿಯೋ ಖುಷಿ. ಆ ಕಂಬದ ಮೇಲೆ ದಿನಾ ಒಂದು ಹದ್ದು ಬಂದು ಕೂರ್ತಿತ್ತು, ಮೂರು ವರ್ಷ ಅದೂ ಬರ್ಲಿಲ್ಲ. ಸ್ಕೂಲಿಂದ ಬಂದು ಕಂಬ ನೋಡ್ತಿದ್ದೆ. ನಂಗೆ ಅಳು ಬರ್ತಿತ್ತು." ಅವನ ಕಡೆ ತಿರುಗಿ ಹೇಳಿದಳು: "ಎರಡು ಅಳಿಲು ಬಿಟ್ಟಿದ್ದಕ್ಕಲ್ಲ ನನ್ನ ಸಿಟ್ಟು. ಕೇಳ್ದಾಗ ಸುಳ್ಳು ಹೇಳ್ದೆಯಲ್ಲ, ಅದಕ್ಕೆ."

"ತಪ್ಪಾಯ್ತು," ಎಂದ ಮಧುಕರ. ಕಣ್ಣು ಮಂಜಾಗಿ ಗುರಿ ಕಾಣದೆ ಹೋಯಿತು.

"ಸಾಕು, ರೈಫಲ್ಲಿಂದ ಗುಂಡು ಹೊರಗೆ ತೆಗಿ," ಎಂದಳು ಅವಳು. ಕುರ್ಚಿ ಮಡಿಸಿದಳು. ಕೀ ಮಾತ್ರ ಕೊಡಲಿಲ್ಲ. ಗೇಟಿನ ತನಕ ಬಂದು ಅವನನ್ನು ಹೊರಗೆ ಕಳಿಸಿ ಬೀಗ ಹಾಕಿಕೊಂಡಳು.

ಆ ವರ್ಷವೆಲ್ಲ ಮೊಳೆ ಬರಿದಾಗಿಯೇ ಇತ್ತು. ದೀಪ ಹಚ್ಚುವಾಗಲೆಲ್ಲ ಮಧುಕರನ ಕಣ್ಣು ಅಲ್ಲಿಗೆ ಹೋಗುತ್ತಿತ್ತು. ಕಟ್ಟೆ ಸೆಪ್ಟೆಂಬರಿನವರೆಗೂ ನಿಂತಿತು ಎಂದು ಅವನಿಗೆ ಗೊತ್ತಾದದ್ದು ರಸ್ತೆಯಿಂದ ನೋಡಿ; ಹಸುಗಳನ್ನು ಎಣಿಸಿದ, ನಲವತ್ತೂ ಇದ್ದವು. ಅಂದು ಕಾರು ಸೀದಾ ದೇವಸ್ಥಾನಕ್ಕೆ ಹೊಡೆದು ಒಂದು ತೆಂಗಿನಕಾಯಿ ಒಡೆಸಿ ಮನೆಗೆ ಬಂದ.

ಮತ್ತೆ ಯುಗಾದಿ ಬಂತು. ಮಾರನೇ ಬೆಳಗ್ಗೆ ಬಿಂದುಶ್ರೀ ಹೋಳಿಗೆ ಡಬ್ಬಿಯನ್ನು ಅವನ ಕೈಗಿಟ್ಟು, "ಬೈದ್ರೆ ಬೈಸ್ಕೊಂಡು ಬನ್ನಿ. ಗನ್ನೂ ಕಾರಲ್ಲಿರ್ಲಿ," ಎಂದಳು. ಫಿಲೊಮಿನಾ ಬಾಗಿಲು ತೆಗೆದು ಡಬ್ಬಿ ನೋಡಿದಳು, ಅವನನ್ನು ನೋಡಿದಳು. ಒಳಗೆ ಹೋಗಿ ಬೂಟು ಹಾಕಿಕೊಂಡು ಬಂದು, "ನನ್ನ ಹಿಂದೆ ಬಾ," ಎಂದು ಪಿಕಪ್ಪು ಹತ್ತಿದಳು. ಗೇಟು ಅವಳೇ ತೆಗೆದಳು. "ಹೋಗಿ ಎಣಿಸ್ಕೊಂಡು ಬಾ."

ಮಧುಕರ ಗುಡ್ಡವೆಲ್ಲ ಸುತ್ತಿದ. ಅಳೆಯುವುದೇ ಹೊಟ್ಟೆಪಾಡಾದವನು ಅಷ್ಟು ಎಚ್ಚರದಿಂದ ಎಂದೂ ಎಣಿಸಿರಲಿಲ್ಲ. ಬಂಡೆಯ ಸುತ್ತ ಒಂಬತ್ತು. ಇಳಿಜಾರಿನಲ್ಲಿ ಇಲ್ಲ. ಏರಿಯ ಮೇಲೆ ನಡೆದು ಬರುವಾಗ ಮೂಲೆಯಲ್ಲಿ, ಹುಲ್ಲಿನ ಮರೆಯಲ್ಲಿ, ಹೊಸಮಣ್ಣಿನ ಒಂದು ಬಿಲ. ಕಾಲಿನಿಂದ ಮಣ್ಣು ಸರಿಸಿ ಮುಚ್ಚಿಬಿಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ. ನಾಳೆ ಬಂದು ಸದ್ದಿಲ್ಲದೆ ಸರಿಮಾಡಬಹುದಿತ್ತು, ಆದರೆ ನಾಳೆ ಗೇಟು ತೆಗೆಯುವವರು ಯಾರು? ಅವನು ಪಿಕಪ್ಪಿನ ಹತ್ತಿರ ಬಂದು ನಿಂತ.

"ಎಷ್ಟಿವೆ?" ಎಂದಳು ಫಿಲೊಮಿನಾ. ಮುಗಿದವಾ ಎಂದು ಕೇಳಲಿಲ್ಲ.

"ಬಂಡೆ ಹತ್ರ ಒಂಬತ್ತು," ಎಂದ ಮಧುಕರ. "ಏರಿ ಮೇಲೆ ಒಂದು. ಮೂಲೇಲಿ. ಹೊಸ ಬಿಲ."

ಅವಳು ಅವನ ಮುಖವನ್ನೇ ನೋಡಿದಳು. "ಗೊತ್ತು. ನಿನ್ನೆನೇ ನೋಡ್ದೆ," ಎಂದಳು. ಆಮೇಲೆ ಅಂಗಿಯ ಜೇಬಿನಿಂದ ಹಿತ್ತಾಳೆ ಕೀ ತೆಗೆದು ಕಿಟಕಿಯಾಚೆ ಹಿಡಿದಳು.

"ಗೊತ್ತಿದ್ಮೇಲೆ ಇಲ್ಲೇನ್ ನಿಂತಿದೀಯಾ? ಹೋಗು, ಅದೊಂದನ್ನ ಮುಗಿಸು. ನನ್ನ ಹೋಳಿಗೆ ತಣ್ಣಗಾಗುತ್ತೆ, ನಾನು ಹೊರಟೆ. ಬರೋವಾಗ ಗೇಟು ನೀನೇ ಹಾಕ್ಕೊಂಡು ಬಾ."